ಲಾಭದಲ್ಲಿದ್ದ ಕಾರ್ಖಾನೆ ಮುಚ್ಚಿದ್ದೇಕೆ?

ಹೊಸದಾಗಿ ಉದ್ಯಮ ಆರಂಭಿಸುವವರಿಗಾಗಿ ಏರ್ಪಡಿಸುವ ಶಿಬಿರಗಳಿಗೆ ನನ್ನಂಥ ಲೆಕ್ಕಪರಿಶೋಧಕರನ್ನು ಉಪನ್ಯಾಸಕ್ಕೆ ಕರೆಯುವುದುಂಟು. ಅಲ್ಲಿ ಎದುರಾಗುವ ಪ್ರಶ್ನೆಗಳು ಬಹುತೇಕ ಒಂದೇ ತೆರನಾದವು. ಯಾವ ಉತ್ಪನ್ನಕ್ಕೆ ಬೇಡಿಕೆಯಿದೆ, ಸಬ್ಸಿಡಿ ಎಷ್ಟು ದೊರೆಯುತ್ತದೆ, ಬ್ಯಾಂಕು ಎಷ್ಟು ಸಾಲ ಕೊಡುತ್ತದೆ, ಕೊನೆಗೆ ಲಾಭವೆಷ್ಟು ಉಳಿಯುತ್ತದೆ. ಮಾರಿದ ಮಾಲಿನ ಹಣ ಎಷ್ಟನೆಯ ದಿನಕ್ಕೆ ಕೈಗೆ ಬರುತ್ತದೆ, ಅಲ್ಲಿಯವರೆಗೆ ಉದ್ಯಮವನ್ನು ಯಾರ ಹಣದಿಂದ ನಡೆಸಬೇಕು ಎಂದು ಕೇಳಿದವರು ಇಷ್ಟು ವರ್ಷಗಳಲ್ಲಿ ಬೆರಳೆಣಿಕೆಯಷ್ಟು ಮಂದಿ ಮಾತ್ರ. ಆದರೆ ನನ್ನ ಕಚೇರಿಯ ಕಪಾಟಿನಲ್ಲಿ ಕಟ್ಟಿಟ್ಟಿರುವ, ಮುಚ್ಚಿಹೋದ ಉದ್ಯಮಗಳ ಕಡತಗಳನ್ನು ಬಿಚ್ಚಿ ನೋಡಿದರೆ, ನಷ್ಟದಿಂದ ಮುಚ್ಚಿದವುಗಳಿಗಿಂತ ನಗದಿಲ್ಲದೆ ಮುಚ್ಚಿದವುಗಳೇ ಹೆಚ್ಚಾಗಿವೆ.

ಅಂಥ ಒಂದು ಕಡತವನ್ನು ಈ ಲೇಖನದಲ್ಲಿ ಓದುಗರ ಮುಂದಿಡುತ್ತಿದ್ದೇನೆ. ಸಂಬಂಧಪಟ್ಟ ಉದ್ಯಮಿ ಮಿತ್ರರು ಹೆಸರು ಹಾಕಬಾರದೆಂಬ ಷರತ್ತಿನ ಮೇಲೆ ಒಪ್ಪಿಗೆ ಕೊಟ್ಟಿದ್ದಾರೆ. ಅಂಕಿಗಳನ್ನು ಲೆಕ್ಕಕ್ಕೆ ಅನುಕೂಲವಾಗುವಂತೆ ದುಂಡಗೆ ಮಾಡಿದ್ದೇನೆ. ಈ ಪ್ರಕರಣದಲ್ಲಿ ನನ್ನ ಪಾಲಿನ ತಪ್ಪೂ ಇದೆ ಎಂಬುದನ್ನು ಆರಂಭದಲ್ಲಿಯೇ ಹೇಳಿಬಿಡುವುದು ಉಚಿತ.

ಮೂರು ವರ್ಷಗಳ ಏಳಿಗೆ

ಈ ಮಿತ್ರರು ವಾಲ್ವ್ ತಯಾರಿಸುವ ಕಾರ್ಖಾನೆಯೊಂದರ ಮಷಿನ್ ಶಾಪಿನಲ್ಲಿ ಹದಿನಾಲ್ಕು ವರ್ಷ ದುಡಿದು, ಕೆಲಸದ ಒಳಹೊರಗನ್ನು ಚೆನ್ನಾಗಿ ಬಲ್ಲವರಾಗಿದ್ದರು. 2014ರಲ್ಲಿ ನೌಕರಿ ಬಿಟ್ಟು ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿ ಒಂದು ಶೆಡ್ಡನ್ನು ಬಾಡಿಗೆಗೆ ಹಿಡಿದರು. ಎರಡು ಲೇಥ್, ಒಂದು ಮಿಲ್ಲಿಂಗ್ ಯಂತ್ರ, ಮುಂದೆ ಸಾಲದ ಮೇಲೆ ಒಂದು ಸಿಎನ್‌ಸಿ ಯಂತ್ರ. ಕೆಲಸ ಅಚ್ಚುಕಟ್ಟು, ತಿರಸ್ಕೃತವಾಗಿ ಮರಳಿ ಬರುವ ಮಾಲು ತೀರ ಕಡಿಮೆ. 2015-16ರಲ್ಲಿ 60 ಲಕ್ಷ ರೂಪಾಯಿಗಳಿದ್ದ ಮಾರಾಟ ಮರುವರ್ಷ 1.20 ಕೋಟಿಗೆ ಏರಿತು. 2017-18ರಲ್ಲಿ ಹೊರ ರಾಜ್ಯದ ದೊಡ್ಡ ಕಂಪನಿಯೊಂದು ಕಾಯಂ ಆರ್ಡರು ಕೊಟ್ಟಿದ್ದರಿಂದ ಮಾರಾಟ 2.40 ಕೋಟಿ ಮುಟ್ಟಿತು. ಮೂರೂ ವರ್ಷ ನಿವ್ವಳ ಲಾಭ ಶೇ. 9ಕ್ಕೆ ಕಡಿಮೆಯಿರಲಿಲ್ಲ. ಕೊನೆಯ ವರ್ಷದ ಲಾಭ 21.60 ಲಕ್ಷ.

ಆ ವರ್ಷದ ಅಢಾವೆ ಪತ್ರಿಕೆಗೆ ಸಹಿ ಹಾಕಿದ ದಿನ ನಾನು ಅವರ ಕೈ ಕುಲುಕಿ, ಇನ್ನು ನೀವು ಸಣ್ಣ ಉದ್ಯಮಿಯಲ್ಲ ಎಂದಿದ್ದೆ. ಗಿರಾಕಿಗಳಿಂದ ಬರಬೇಕಾದ ಬಾಕಿಯ ಮೊತ್ತ ಅದೇ ಪತ್ರಿಕೆಯ ಆಸ್ತಿಯ ಬದಿಯಲ್ಲಿ ನನ್ನ ಕಣ್ಣೆದುರಿಗೇ ಇತ್ತು. ಆ ಬಗ್ಗೆ ಕೇಳಿದ್ದಕ್ಕೆ ಅವರು, "ದೊಡ್ಡ ಕಂಪನಿ ಅದ ಸರ, ರೊಕ್ಕ ಎಲ್ಲಿ ಹೋಗ್ತದ?" ಎಂದರು. ನಾನೂ ಅಷ್ಟಕ್ಕೇ ಸುಮ್ಮನಾದೆ. ರೊಕ್ಕ ಎಲ್ಲಿಗೂ ಹೋಗಲಿಲ್ಲ ಎಂಬುದು ನಿಜ. ಅದು ಕಂಪನಿಯಲ್ಲಿಯೇ ಉಳಿಯಿತು.

ಒಂದು ವರ್ಷದೊಳಗೆ, ಅಂದರೆ 2019ರ ಮಧ್ಯಭಾಗದಲ್ಲಿ, ಕಾರ್ಖಾನೆಗೆ ಬೀಗ ಬಿದ್ದಿತು.

ಲಾಭವೆಲ್ಲಿ ಹೋಯಿತು?

ಲಾಭ-ಹಾನಿ ತಖ್ತೆಯು ಮಾಲು ಮಾರಾಟವಾದ ದಿನವೇ ಲಾಭವನ್ನು ಬರೆದುಕೊಳ್ಳುತ್ತದೆ. ಹಣ ಬಂದಿತೋ ಇಲ್ಲವೋ ಎಂಬುದನ್ನು ಅದು ಕೇಳುವುದಿಲ್ಲ. ಇದು ಲೆಕ್ಕಶಾಸ್ತ್ರದ ಮೊದಲ ಪಾಠ. ಬಿ.ಕಾಂ. ಓದಿದವರೆಲ್ಲರೂ ಬಾಯಿಪಾಠ ಮಾಡಿದ್ದೇ. ಆದರೆ ಅದರ ಪರಿಣಾಮವನ್ನು ಅಂಕಿಗಳಲ್ಲಿ ಇಟ್ಟು ನೋಡುವ ಅಭ್ಯಾಸ ನಮ್ಮಲ್ಲಿ ಕಡಿಮೆ.

2017ರ ಮಾರ್ಚಿನಲ್ಲಿ ಇವರ ತಿಂಗಳ ಮಾರಾಟ 10 ಲಕ್ಷ, ಹಣ ಬರುತ್ತಿದ್ದುದು 60 ದಿನಕ್ಕೆ. ಆದ್ದರಿಂದ ಗಿರಾಕಿಗಳ ಬಳಿ ಇದ್ದ ಬಾಕಿ 20 ಲಕ್ಷ. 2018ರ ಮಾರ್ಚಿನ ಹೊತ್ತಿಗೆ ತಿಂಗಳ ಮಾರಾಟ 20 ಲಕ್ಷವಾಯಿತು. ಹೊಸ ಕಂಪನಿಯ ಖರೀದಿ ಆದೇಶದಲ್ಲಿ 60 ದಿನಗಳೆಂದೇ ಬರೆದಿತ್ತಾದರೂ ವಾಸ್ತವದಲ್ಲಿ ಹಣ ಬರುತ್ತಿದ್ದುದು 120 ದಿನಕ್ಕೆ. ಮಾಲು ಒಳಗೆ ಹೋದ ಮೇಲೆ ತಪಾಸಣೆ, ತಪಾಸಣೆಯ ನಂತರ ಲೆಕ್ಕವಿಭಾಗ, ಅಲ್ಲಿಂದ ಪಾವತಿಯ ಸರದಿ ಎಂದು ದಿನಗಳು ಬೆಳೆಯುತ್ತಿದ್ದವು. ತೆರಿಗೆಯನ್ನು ಬಿಟ್ಟು ಲೆಕ್ಕ ಹಾಕಿದರೂ ಬಾಕಿ 80 ಲಕ್ಷವಾಯಿತು. ಅಂದರೆ ಮಾರಾಟ ಎರಡು ಪಟ್ಟಾದಾಗ ಬಾಕಿ ನಾಲ್ಕು ಪಟ್ಟಾಯಿತು. ಒಂದೇ ವರ್ಷದಲ್ಲಿ ಹೆಚ್ಚುವರಿಯಾಗಿ ಬೇಕಾದ ಹಣ 60 ಲಕ್ಷ. ಕಚ್ಚಾಸರಕಿನ ದಾಸ್ತಾನೂ ಬೆಳೆಯಿತು, ಸರಕು ಕೊಟ್ಟ ವ್ಯಾಪಾರಿಗಳ ಉದ್ರಿಯೂ ಬೆಳೆಯಿತು. ಇವೆರಡನ್ನೂ ಒಂದಕ್ಕೊಂದು ವಜಾ ಹಾಕಿ ಬಿಟ್ಟುಬಿಡೋಣ.

ಈ 60 ಲಕ್ಷಕ್ಕೆ ಒದಗಿದ ಮೂಲಗಳು ಎರಡೇ. ವರ್ಷದ ಸಂಪೂರ್ಣ ಲಾಭ 21.60 ಲಕ್ಷ, ಬ್ಯಾಂಕು ಕ್ಯಾಶ್ ಕ್ರೆಡಿಟ್ ಮಿತಿಯಲ್ಲಿ ಹೆಚ್ಚಿಸಿದ 24 ಲಕ್ಷ. ಕೊರತೆ 14.40 ಲಕ್ಷ. ಇದಕ್ಕೆ ಜಿಎಸ್‌ಟಿಯನ್ನು ಸೇರಿಸಬೇಕು. 2017ರ ಜುಲೈ 1ರಿಂದ ಜಾರಿಗೆ ಬಂದ ಈ ತೆರಿಗೆಯ ಹೊಣೆ ಇನ್‌ವಾಯ್ಸ್ ಬರೆದಾಗ ಹುಟ್ಟುತ್ತದೆ, ಹಣ ಬಂದಾಗ ಅಲ್ಲ. ಇವರು ತಿಂಗಳಿಗೆ 3.60 ಲಕ್ಷ ತೆರಿಗೆಯ ಇನ್‌ವಾಯ್ಸ್ ಬರೆದು, ಕಚ್ಚಾಸರಕಿನ ಮೇಲಿನ ಸುಮಾರು 2 ಲಕ್ಷದ ಜಮೆ ಕಳೆದು, 1.60 ಲಕ್ಷವನ್ನು ಮರುತಿಂಗಳ 20ನೆಯ ತಾರೀಖಿನೊಳಗೆ ಕಟ್ಟಬೇಕಿತ್ತು. ಗಿರಾಕಿ ಕೊಡುವುದು ನಾಲ್ಕು ತಿಂಗಳ ಮೇಲೆ. ಹೀಗಾಗಿ ಯಾವ ಕಾಲಕ್ಕೂ 6.40 ಲಕ್ಷ ಸ್ವಂತ ಹಣ ಸರ್ಕಾರದ ಖಜಾನೆಯಲ್ಲಿ ಮುಂಗಡವಾಗಿ ಕುಳಿತಿರುತ್ತಿತ್ತು. ಕೈಗೆ ಬಾರದ ಲಾಭದ ಮೇಲೂ ಆದಾಯ ತೆರಿಗೆ ಕಟ್ಟಲೇಬೇಕು, ಅದು ಸುಮಾರು 4.70 ಲಕ್ಷ. ಮನೆ ನಡೆಸಲು ತಿಂಗಳಿಗೆ 50 ಸಾವಿರದಂತೆ 6 ಲಕ್ಷ. ಎಲ್ಲವನ್ನೂ ಕೂಡಿಸಿದರೆ ಕೊರತೆ 31.50 ಲಕ್ಷ.

ವರ್ಷಕ್ಕೆ 21.60 ಲಕ್ಷ ಲಾಭ ಗಳಿಸಿದ ಉದ್ಯಮಿ ಅದೇ ವರ್ಷ 31.50 ಲಕ್ಷ ಕೈಗಡ ಮಾಡಬೇಕಾಯಿತು ಎಂಬುದನ್ನು ಓದುಗರು ಮತ್ತೊಮ್ಮೆ ಗಮನಿಸಬೇಕು. ಈ ಹಣ ಖಾಸಗಿಯಾಗಿ ತಿಂಗಳಿಗೆ ಶೇ. 2ರಂತೆ ಬಂದಿತು. ಬಡ್ಡಿಯೇ ತಿಂಗಳಿಗೆ 63 ಸಾವಿರ, ವರ್ಷಕ್ಕೆ 7.56 ಲಕ್ಷ. ಮರುವರ್ಷದ ಲಾಭದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು, ವರ್ಷ ಆರಂಭವಾಗುವ ಮುನ್ನವೇ ಬಡ್ಡಿಗೆ ಮೀಸಲಾಗಿಬಿಟ್ಟಿತು. ಮೊದಲು ಜಿಎಸ್‌ಟಿ ತಪ್ಪಿತು, ಅದಕ್ಕೆ ಶೇ. 18ರ ಬಡ್ಡಿ ಸೇರಿತು. 2019ರ ಆರಂಭದಲ್ಲಿ ಕಂಪನಿಯು ಗುಣಮಟ್ಟದ ತಕರಾರು ತೆಗೆದು ಒಂದು ಕಂತಿನ ಹಣವನ್ನು ತಡೆಹಿಡಿಯಿತು. ಬ್ಯಾಂಕಿನ ಖಾತೆ 90 ದಿನ ಮಿತಿಮೀರಿ ನಿಂತಿದ್ದರಿಂದ ಅನುತ್ಪಾದಕ ಆಸ್ತಿಯ ಪಟ್ಟಿಗೆ ಸೇರಿತು. ಉಳಿದದ್ದನ್ನು ವಿವರಿಸಬೇಕಾಗಿಲ್ಲ. ಯಂತ್ರಗಳು ಮಾರಾಟವಾದವು, ಮನೆಯನ್ನು ಅಡಮಾನದಿಂದ ಬಿಡಿಸಲು ಊರಿನ ಹೊಲ ಹೋಯಿತು. ಈಗ ಅವರು ಬೇರೊಬ್ಬರ ಕಾರ್ಖಾನೆಯಲ್ಲಿ ಉತ್ಪಾದನಾ ವಿಭಾಗವನ್ನು ನೋಡಿಕೊಳ್ಳುತ್ತಿದ್ದಾರೆ.

ನಾನೇಕೆ ಎಚ್ಚರಿಸಲಿಲ್ಲ?

ಅವರಿಂದ ನನಗೂ ಎರಡು ವರ್ಷದ ಶುಲ್ಕ ಬರಬೇಕಿತ್ತು. ಲಾಭ ಮಾಡುತ್ತಿರುವ ಕಕ್ಷಿದಾರರು ಲೆಕ್ಕಪರಿಶೋಧಕರ ಶುಲ್ಕವನ್ನೇ ಕೊಡಲಾಗದ ಸ್ಥಿತಿಯಲ್ಲಿದ್ದಾರೆಂದರೆ ಅದೇ ಒಂದು ಸೂಚನೆ. ಆದರೆ ಸಂಕೋಚದಿಂದ ನಾನು ಆ ಮಾತನ್ನೇ ಎತ್ತಲಿಲ್ಲ. ಈ ಸಂಕೋಚ ನನಗೆ ಹಳೆಯದು. 1996ರಲ್ಲಿ ದುರ್ಗದಬೈಲಿನ ಹತ್ತಿರ ಒಂದು ಬಾಡಿಗೆ ಕೋಣೆಯಲ್ಲಿ ನಾನು ವೃತ್ತಿ ಆರಂಭಿಸಿದಾಗ, ಶುಲ್ಕವೆಷ್ಟೆಂದು ಮೊದಲೇ ಹೇಳುವುದು ಸಭ್ಯತೆಯಲ್ಲವೆಂದು ಭಾವಿಸಿದ್ದೆ. ಮೂರು ವರ್ಷಗಳಲ್ಲಿ ಕೆಲಸ ಕೈತುಂಬ ಬಂದಿತು. ಕೋಣೆಯ ಬಾಡಿಗೆಯನ್ನು ಮಾತ್ರ ನಾಲ್ಕು ತಿಂಗಳು ನಮ್ಮ ಅಣ್ಣನಿಂದ ಇಸಿದುಕೊಂಡು ಕಟ್ಟಿದೆ. ಕೆಲಸ ಹೆಚ್ಚಿದಂತೆಲ್ಲ ಬಡವನಾಗುತ್ತ ಹೋಗುವ ಅನುಭವ ನನಗಾಗಿತ್ತು. ಅದಕ್ಕೆ ಕಾರಣವನ್ನು ನಾನು ಉದಾರತೆ ಎಂದು ಕರೆದುಕೊಂಡಿದ್ದೆ. ಉದ್ರಿ ಕೇಳಲು ನಾಚುವ ವರ್ತಕರೂ ತಮ್ಮ ನಾಚಿಕೆಗೆ ವಿಶ್ವಾಸ, ಸಂಬಂಧ ಎಂದು ಹೆಸರಿಡುವುದನ್ನು ಕಂಡಿದ್ದೇನೆ. ಕೊಟ್ಟವನು ಕೋಡಂಗಿ, ಇಸಿದುಕೊಂಡವನು ಈರಭದ್ರ ಎಂಬ ಗಾದೆ ಹುಟ್ಟಿದ್ದು ಪೇಟೆಯಲ್ಲಿಯೇ ಇರಬೇಕು.

ಬ್ಯಾಂಕಿನ ಲೆಕ್ಕಕ್ಕೂ ಒಂದು ಮಿತಿಯಿದೆ

ಸಣ್ಣ ಉದ್ಯಮಗಳ ದುಡಿಯುವ ಬಂಡವಾಳವನ್ನು ಬ್ಯಾಂಕುಗಳು ಬಹುತೇಕ ನಾಯಕ್ ಸಮಿತಿಯ ಸೂತ್ರದಂತೆ ನಿಗದಿಪಡಿಸುತ್ತವೆ. ಅಂದಾಜು ವಾರ್ಷಿಕ ಮಾರಾಟದ ಶೇ. 25ರಷ್ಟು ದುಡಿಯುವ ಬಂಡವಾಳ ಬೇಕಾಗುತ್ತದೆ, ಅದರಲ್ಲಿ ಮಾರಾಟದ ಶೇ. 20ರಷ್ಟನ್ನು ಬ್ಯಾಂಕು ಕೊಡಬೇಕು, ಶೇ. 5ರಷ್ಟನ್ನು ಉದ್ಯಮಿ ತರಬೇಕು. ಮೇಲಿನ ಪ್ರಕರಣದಲ್ಲಿ 1.20 ಕೋಟಿಗೆ 24 ಲಕ್ಷ, 2.40 ಕೋಟಿಗೆ 48 ಲಕ್ಷ ಮಂಜೂರಾದದ್ದು ಈ ಸೂತ್ರದಂತೆಯೇ.

ಈ ಸೂತ್ರದ ಒಳಗೆ ಅಡಗಿರುವ ಊಹೆಯನ್ನು ಕೆಲವರೇ ಗಮನಿಸುತ್ತಾರೆ. ವರ್ಷದ ಶೇ. 25 ಎಂದರೆ ಮೂರು ತಿಂಗಳು. ಕಚ್ಚಾಸರಕು ಕೊಂಡ ದಿನದಿಂದ ಮಾರಿದ ಹಣ ಕೈಸೇರುವ ದಿನದವರೆಗಿನ ಚಕ್ರ ಮೂರು ತಿಂಗಳಲ್ಲಿ ಮುಗಿಯುತ್ತದೆ ಎಂದು ಅದು ಹಿಡಿದುಕೊಂಡಿರುತ್ತದೆ. ನಿಮ್ಮ ಚಕ್ರ ಐದು ತಿಂಗಳದ್ದಾದರೆ ಉಳಿದ ಎರಡು ತಿಂಗಳ ಹೊರೆ ನಿಮ್ಮ ತಲೆಯ ಮೇಲೆಯೇ. ಜೊತೆಗೆ 90 ದಿನ ಮೀರಿದ ಬಾಕಿಯನ್ನು ಹಣ ತೆಗೆಯುವ ಮಿತಿಯ ಲೆಕ್ಕದಿಂದ ಬ್ಯಾಂಕುಗಳು ಸಾಮಾನ್ಯವಾಗಿ ಕೈಬಿಡುತ್ತವೆ. ಗಿರಾಕಿ ತಡಮಾಡಿದಷ್ಟೂ ಬ್ಯಾಂಕಿನಿಂದ ಸಿಗುವ ಹಣವೂ ಕುಗ್ಗುತ್ತದೆ. ಹಣ ಅತ್ಯಂತ ಬೇಕಾದ ಸಮಯದಲ್ಲಿಯೇ ಅದು ಸಿಗದಂತಾಗುವುದಕ್ಕೆ ಬ್ಯಾಂಕ್ ವ್ಯವಸ್ಥಾಪಕರ ಕಠೋರತೆ ಕಾರಣವಲ್ಲ, ಈ ಗಣಿತವೇ ಕಾರಣ.

ವರ್ತಕರಿಗೆ ಇದು ಅನ್ವಯಿಸದೆಂದು ತಿಳಿಯಬಾರದು. ಕಿರಾಣಿ ಸಗಟು ವ್ಯಾಪಾರದಲ್ಲಿ ಶೇ. 4ರಷ್ಟು ನಿವ್ವಳ ಉಳಿಯುತ್ತದೆ ಎಂದಿಟ್ಟುಕೊಳ್ಳೋಣ. ಒಂದು ಲಕ್ಷದ ಉದ್ರಿ ಮುಳುಗಿದರೆ ಆ ಹಾನಿಯನ್ನು ತುಂಬಲು ಹೊಸದಾಗಿ 25 ಲಕ್ಷದ ವ್ಯಾಪಾರ ಮಾಡಬೇಕು. ಗಿರಾಕಿ ಮುಳುಗಿಸಿದ ಬಾಕಿಯನ್ನು ಆದಾಯ ತೆರಿಗೆಯಲ್ಲಿ ವಸೂಲಾಗದ ಸಾಲವೆಂದು ವಜಾ ಹಾಕಬಹುದು. ಆದರೆ ಆ ಮಾಲಿನ ಮೇಲೆ ಕಟ್ಟಿದ ಜಿಎಸ್‌ಟಿ ಆ ಕಾರಣಕ್ಕಾಗಿ ಮರಳಿ ಬರುವುದಿಲ್ಲ.

ಏನು ಮಾಡಬಹುದಿತ್ತು?

ಆ ದೊಡ್ಡ ಆರ್ಡರನ್ನು ನಿರಾಕರಿಸಬೇಕಿತ್ತೆಂದು ಹೇಳುವುದು ಸುಲಭ. ಆದರೆ ಕಾದು ಕುಳಿತವನ ಬಾಗಿಲಿಗೆ ಬಂದ ಆರ್ಡರನ್ನು ಬಿಡುವುದು ಎಷ್ಟು ಕಷ್ಟವೆಂಬುದನ್ನು ನಾನು ಬಲ್ಲೆ. ಒಪ್ಪಿಕೊಳ್ಳುವ ರೀತಿಯನ್ನು ಮಾತ್ರ ಬದಲಿಸಬಹುದಿತ್ತು.

ಮೊದಲನೆಯದಾಗಿ, ಕಚ್ಚಾಸರಕನ್ನು ಕಂಪನಿಯೇ ಕೊಡಲಿ, ನಾವು ಮಷಿನಿಂಗ್ ಕೂಲಿ ಮಾತ್ರ ಪಡೆಯುತ್ತೇವೆ ಎಂದು ಜಾಬ್‌ವರ್ಕ್ ಪದ್ಧತಿಯನ್ನು ಕೇಳಬಹುದಿತ್ತು. ಜಿಎಸ್‌ಟಿ ಕಾಯ್ದೆಯ 143ನೆಯ ಕಲಮಿನ ಪ್ರಕಾರ ಕಂಪನಿಯು ತೆರಿಗೆ ಕಟ್ಟದೆ ಚಲನ್ ಮೇಲೆ ಸರಕನ್ನು ಕಳುಹಿಸಬಹುದು. ಮಾರಾಟದ ಅಂಕಿ 2.40 ಕೋಟಿಯಿಂದ ಒಂದು ಕೋಟಿಯ ಆಸುಪಾಸಿಗೆ ಇಳಿಯುತ್ತಿತ್ತು, ಸರಕಿನ ಮೇಲಿನ ಅಷ್ಟಿಷ್ಟು ಲಾಭವೂ ಹೋಗುತ್ತಿತ್ತು. ಆದರೆ ಕೂಲಿಯಲ್ಲಿನ ಲಾಭ ಹಾಗೆಯೇ ಉಳಿಯುತ್ತಿತ್ತು, ಗಿರಾಕಿಯ ಬಳಿ ಸಿಲುಕುವ ಹಣ ಅರ್ಧಕ್ಕಿಂತ ಕಡಿಮೆಯಾಗುತ್ತಿತ್ತು. ನಾನು ಇದನ್ನು ಸೂಚಿಸಿದ್ದರೆ ಅವರು ಬಹುಶಃ ಒಪ್ಪುತ್ತಿರಲಿಲ್ಲ. ಮಾರಾಟದ ಅಂಕಿ ಇಳಿಯುವುದನ್ನು ಯಾವ ಉದ್ಯಮಿಯೂ ಇಷ್ಟಪಡುವುದಿಲ್ಲ. ಆದರೂ ಸೂಚಿಸಬೇಕಾಗಿತ್ತು.

ಎರಡನೆಯದು, ಮುಂದಿನ ಹದಿಮೂರು ವಾರಗಳ ನಗದಿನ ಅಂದಾಜು. ಇದಕ್ಕೆ ಯಾವ ಸಾಫ್ಟ್‌ವೇರೂ ಬೇಡ, ಒಂದು ಉದ್ದನೆಯ ಹಾಳೆ ಸಾಕು. ವಾರವಾರಕ್ಕೆ ಬರುವ ಹಣ, ಕೊಡುವ ಹಣ, ಶಿಲ್ಕು. ಬರುವ ಹಣವನ್ನು ಆದೇಶದಲ್ಲಿ ಬರೆದ ದಿನಕ್ಕೆ ಹಾಕದೆ, ಆ ಗಿರಾಕಿ ಕಳೆದ ಆರು ತಿಂಗಳು ನಿಜವಾಗಿ ಕೊಟ್ಟ ದಿನಗಳ ಸರಾಸರಿಗೆ ಹಾಕಬೇಕು. ಜಿಎಸ್‌ಟಿ, ಭವಿಷ್ಯನಿಧಿ, ಯಂತ್ರದ ಸಾಲದ ಕಂತು, ಮನೆಖರ್ಚು ಎಲ್ಲವೂ ಅದರಲ್ಲಿರಬೇಕು. ಮನೆಖರ್ಚಿಗೆ ತಿಂಗಳಿಗೆ ಇಂತಿಷ್ಟೆಂದು ಗೊತ್ತುಮಾಡಿ ಪ್ರತ್ಯೇಕ ಖಾತೆಗೆ ವರ್ಗಾಯಿಸದಿದ್ದರೆ ಈ ಹಾಳೆ ಎರಡನೆಯ ವಾರಕ್ಕೇ ಸುಳ್ಳಾಗುತ್ತದೆ. ನನ್ನ ಕಕ್ಷಿದಾರರಲ್ಲಿ ಇದನ್ನು ತಪ್ಪದೆ ಬರೆಯುವವರು ಕೆಲವರಿದ್ದಾರೆ. ಅವರು ಬ್ಯಾಂಕಿಗೆ ಹೋಗುವುದು ಹಣ ಮುಗಿಯುವ ಎರಡು ತಿಂಗಳು ಮೊದಲು, ಉಳಿದವರು ಹೋಗುವುದು ಚೆಕ್ಕು ಮರಳಿದ ಮರುದಿನ.

ಒಬ್ಬನೇ ಗಿರಾಕಿಯ ಮೇಲೆ ಆತುಕೊಳ್ಳಬಾರದು ಎಂಬ ಮಾತು ಎಲ್ಲರಿಗೂ ಗೊತ್ತಿದೆ. ಪಾಲುದಾರಿಕೆ ಸಂಸ್ಥೆಯನ್ನು ನೋಂದಾಯಿಸದಿದ್ದರೆ 1932ರ ಪಾಲುದಾರಿಕೆ ಕಾಯ್ದೆಯ 69ನೆಯ ಕಲಮು ಬಾಕಿ ವಸೂಲಿಯ ದಾವೆಗೇ ಅಡ್ಡ ಬರುತ್ತದೆ ಎಂಬುದು ಹಲವರಿಗೆ ಗೊತ್ತಿಲ್ಲ. ದಾವೆಯ ಅವಧಿ ಮೂರು ವರ್ಷ. ಆದ್ದರಿಂದ ವರ್ಷಕ್ಕೊಮ್ಮೆ ಗಿರಾಕಿಯಿಂದ ಬಾಕಿ ಒಪ್ಪಿಗೆಯ ಪತ್ರಕ್ಕೆ ಸಹಿ ಪಡೆದಿಡಬೇಕು.

ಕಾನೂನು ಕೊಟ್ಟಿರುವ ಅಸ್ತ್ರಗಳು

2006ರ ಅಕ್ಟೋಬರ್ 2ರಂದು ಜಾರಿಗೆ ಬಂದ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ 15ನೆಯ ಕಲಮಿನಂತೆ, ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಖರೀದಿದಾರನು ಲಿಖಿತ ಒಪ್ಪಂದವಿದ್ದರೆ ಅದರಂತೆ, ಆದರೆ 45 ದಿನ ಮೀರದಂತೆ ಹಣ ಕೊಡಬೇಕು. ಒಪ್ಪಂದವಿಲ್ಲದಿದ್ದರೆ ಅವಧಿ 15 ದಿನ. 60 ದಿನಗಳೆಂದು ಆದೇಶದಲ್ಲಿ ಬರೆದುಕೊಂಡರೂ ಕಾನೂನಿನ ಕಣ್ಣಿಗೆ ಅದು 45 ದಿನವೇ. ತಡವಾದರೆ 16ನೆಯ ಕಲಮಿನ ಪ್ರಕಾರ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ. ಬ್ಯಾಂಕ್ ದರ ಶೇ. 6 ಎಂದು ಹಿಡಿದರೆ ಶೇ. 18 ಆಯಿತು. ಖರೀದಿದಾರನಿಗೆ ಈ ಬಡ್ಡಿಯ ಮೇಲೆ ಆದಾಯ ತೆರಿಗೆಯ ವಿನಾಯಿತಿಯೂ ಇಲ್ಲ.

ಈ ಹಕ್ಕು ಹದಿನೇಳು ವರ್ಷ ಹೆಚ್ಚಾಗಿ ಪುಸ್ತಕದಲ್ಲಿಯೇ ಉಳಿಯಿತು. ಗಿರಾಕಿಯ ಮೇಲೆ ದೂರು ಕೊಟ್ಟು ಮರುದಿನ ಅವನ ಬಳಿಗೇ ಆರ್ಡರಿಗೆ ಹೋಗಲು ಯಾರಿಗೆ ಸಾಧ್ಯ? ಪರಿಸ್ಥಿತಿ ಸ್ವಲ್ಪ ಬದಲಾದದ್ದು 2023ರ ಹಣಕಾಸು ಕಾಯ್ದೆಯಿಂದ. ಆದಾಯ ತೆರಿಗೆಯ 43ಬಿ ಕಲಮಿಗೆ ಸೇರಿದ ‘ಎಚ್’ ಖಂಡದ ಪ್ರಕಾರ, 2023-24ನೇ ಹಣಕಾಸು ವರ್ಷದಿಂದ, 15ನೆಯ ಕಲಮಿನ ಅವಧಿ ಮೀರಿ ಮಾರ್ಚ್ 31ಕ್ಕೆ ಉಳಿದ ಇಂಥ ಬಾಕಿಯನ್ನು ಖರೀದಿದಾರನು ಆ ವರ್ಷದ ಖರ್ಚಾಗಿ ತೋರಿಸುವಂತಿಲ್ಲ; ಹಣ ಕೊಟ್ಟ ವರ್ಷದಲ್ಲಿ ಮಾತ್ರ ಆ ಖರ್ಚು ಸಿಗುತ್ತದೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿಯೂ ಈ ತತ್ವವನ್ನು ಉಳಿಸಿಕೊಳ್ಳಲಾಗಿದೆ. ಇಲ್ಲಿ ದೂರು ಕೊಡುವ ಪ್ರಶ್ನೆಯೇ ಇಲ್ಲ. ಖರೀದಿದಾರನ ಲೆಕ್ಕಪರಿಶೋಧಕನೇ ಬಾಕಿಯ ಪಟ್ಟಿ ಹಿಡಿದು ಅವನ ಮುಂದೆ ನಿಲ್ಲುತ್ತಾನೆ. ಮಾರ್ಚಿ ತಿಂಗಳಲ್ಲಿ ಹಳೆಯ ಬಾಕಿಗಳು ಬಂದುದನ್ನು ನಮ್ಮ ಹಲವು ಕಕ್ಷಿದಾರರು ಕಂಡಿದ್ದಾರೆ. ಇದರ ಇನ್ನೊಂದು ಮುಖವಾಗಿ, ನೋಂದಣಿ ರದ್ದುಮಾಡಿಸಿಕೊಂಡು ಬನ್ನಿ ಎಂದು ಕೇಳಿದ ಖರೀದಿದಾರರೂ ಇದ್ದಾರೆ. ಅಂಥವರಿಗೆ ಎಷ್ಟು ದಿನದ ಉದ್ರಿ ಬೇಕಾಗಿದೆಯೆಂಬುದು ಆ ಮಾತಿನಲ್ಲಿಯೇ ತಿಳಿಯುತ್ತದೆ.

2025ರ ಏಪ್ರಿಲ್ 1ರಿಂದ ಯಂತ್ರೋಪಕರಣಗಳ ಮೇಲಿನ ಹೂಡಿಕೆ 2.5 ಕೋಟಿ ಮತ್ತು ವಹಿವಾಟು 10 ಕೋಟಿ ಮೀರದ ಉದ್ಯಮ ಸೂಕ್ಷ್ಮ, ಹೂಡಿಕೆ 25 ಕೋಟಿ ಮತ್ತು ವಹಿವಾಟು 100 ಕೋಟಿ ಮೀರದ ಉದ್ಯಮ ಸಣ್ಣದು ಎನಿಸಿಕೊಳ್ಳುತ್ತದೆ. ಮಧ್ಯಮ ಉದ್ಯಮಕ್ಕೆ ಮೇಲಿನ ರಕ್ಷಣೆ ಇಲ್ಲ. ವರ್ತಕ ಬಂಧುಗಳು ಗಮನಿಸಬೇಕಾದ ಅಂಶವೆಂದರೆ, ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳಿಗೆ 2021ರಿಂದ ಉದ್ಯಮ್ ನೋಂದಣಿಗೆ ಅವಕಾಶ ಸಿಕ್ಕಿದ್ದರೂ ಅದು ಬ್ಯಾಂಕುಗಳ ಆದ್ಯತಾ ಸಾಲಕ್ಕಷ್ಟೇ ಸೀಮಿತ. ಅವರ ಕೈಯಲ್ಲಿರುವ ಅಸ್ತ್ರ ಬೇರೆ: 180 ದಿನದೊಳಗೆ ಮಾಲಿನ ಹಣ ಕೊಡದ ಖರೀದಿದಾರನು ತಾನು ಪಡೆದ ಜಿಎಸ್‌ಟಿ ಜಮೆಯನ್ನು ಬಡ್ಡಿಸಹಿತ ಹಿಂತಿರುಗಿಸಬೇಕಾಗುತ್ತದೆ. 150ನೆಯ ದಿನಕ್ಕೆ ಇದನ್ನು ಉಲ್ಲೇಖಿಸಿ ಒಂದು ಸೌಮ್ಯವಾದ ಪತ್ರ ಬರೆದರೆ ಮನಸ್ತಾಪವಿಲ್ಲದೆ ಹಣ ಬರುವುದುಂಟು.

ದೊಡ್ಡ ಕಂಪನಿಗಳಿಗೆ ಮಾಲು ಕೊಡುವ ತಯಾರಕರು ಟ್ರೆಡ್ಸ್ ವ್ಯವಸ್ಥೆಯನ್ನು ಅವಶ್ಯ ವಿಚಾರಿಸಬೇಕು. ವಹಿವಾಟು 250 ಕೋಟಿ ಮೀರಿದ ಕಂಪನಿಗಳು ಅದರಲ್ಲಿ ಸೇರುವುದು ಕಡ್ಡಾಯವಾಗಿದೆ. ಖರೀದಿದಾರನು ಒಪ್ಪಿದ ಇನ್‌ವಾಯ್ಸನ್ನು ಬ್ಯಾಂಕುಗಳು ಹರಾಜಿನಲ್ಲಿ ಬಡ್ಡಿ ಕಡಿತಮಾಡಿ ಕೊಳ್ಳುತ್ತವೆ. ಖರೀದಿದಾರನು ಮುಂದೆ ಹಣ ಕೊಡದಿದ್ದರೂ ಅವು ಮಾರಿದವನ ಮೇಲೆ ಬರುವಂತಿಲ್ಲ. ತಿಂಗಳಿಗೆ ಶೇ. 2ರ ಕೈಗಡಕ್ಕೆ ಹೋಲಿಸಿದರೆ ಅಲ್ಲಿನ ಬಡ್ಡಿ ಎಷ್ಟೋ ಕಡಿಮೆ. ಆದರೆ ಕಂಪನಿಯು ಹೆಸರಿಗೆ ಸೇರಿದರೆ ಸಾಲದು, ನಿಮ್ಮ ಇನ್‌ವಾಯ್ಸನ್ನು ಅಲ್ಲಿ ಒಪ್ಪಿಕೊಳ್ಳಬೇಕು. ಆರ್ಡರು ಪಡೆಯುವಾಗಲೇ ಈ ಮಾತನ್ನು ಆದೇಶದಲ್ಲಿ ಬರೆಯಿಸಿಕೊಳ್ಳುವುದು ಮೇಲು.

ನನ್ನ ಮಿತ್ರರ ವಿಷಯಕ್ಕೆ ಮರಳುವುದಾದರೆ, ನೋಂದಣಿಯೆಂಬುದು ಸಬ್ಸಿಡಿಗೆ ಮಾತ್ರ ಬೇಕಾದದ್ದೆಂದು ಅವರು ತಿಳಿದಿದ್ದರು. ನಾನೂ ಒತ್ತಾಯಿಸಿರಲಿಲ್ಲ. ಅಂದಿನ ಉದ್ಯೋಗ್ ಆಧಾರ್ ನೋಂದಣಿಯನ್ನು ಅವರು ಮಾಡಿಸಿದ್ದು 2018ರ ಕೊನೆಯಲ್ಲಿ, ಬಾಕಿಯ ಬಹುಭಾಗ ಅದಕ್ಕಿಂತ ಹಿಂದಿನ ಸರಬರಾಜಿನದು. ನೋಂದಣಿಗೆ ಮುಂಚಿನ ಸರಬರಾಜಿಗೆ ಕಾಯ್ದೆಯ ರಕ್ಷಣೆ ಸಿಗುತ್ತದೆಯೇ ಎಂಬುದು ನ್ಯಾಯಾಲಯಗಳಲ್ಲಿ ಬಹಳ ಚರ್ಚೆಗೆ ಒಳಗಾದ ವಿಷಯ. ಕಂಪನಿಯ ವಕೀಲರು ಅದನ್ನೇ ಹಿಡಿದರು. ನೋಂದಣಿಗೆ ಶುಲ್ಕವಿಲ್ಲ, ಆಧಾರ್ ಮತ್ತು ಪ್ಯಾನ್ ಇದ್ದರೆ ಅರ್ಧ ಗಂಟೆಯ ಕೆಲಸ. ಮೊದಲ ಇನ್‌ವಾಯ್ಸ್ ಬರೆಯುವ ಮುನ್ನವೇ ಅದನ್ನು ಮುಗಿಸಿ, ಉದ್ಯಮ್ ಸಂಖ್ಯೆಯನ್ನು ಪ್ರತಿ ಇನ್‌ವಾಯ್ಸಿನ ಮೇಲೂ ಅಚ್ಚುಹಾಕಿಸಬೇಕು.

ಅವರು ಕೊನೆಗೆ 18 ಲಕ್ಷ ಬಿಟ್ಟುಕೊಟ್ಟು ರಾಜಿಯಾದರು. ಕೌನ್ಸಿಲಿಗೆ ಅರ್ಜಿ ಹಾಕಲು ನಾವು ದಾಖಲೆಗಳನ್ನು ಜೋಡಿಸುತ್ತಿದ್ದಾಗ ಇನ್ನೊಂದು ತೊಡಕು ಕಂಡಿತ್ತು. 45 ದಿನಗಳ ಎಣಿಕೆ ಆರಂಭವಾಗುವುದು ಖರೀದಿದಾರನು ಮಾಲನ್ನು ಸ್ವೀಕರಿಸಿದ ದಿನದಿಂದ. ಇನ್‌ವಾಯ್ಸುಗಳೆಲ್ಲ ಕ್ರಮವಾಗಿ ಕಡತದಲ್ಲಿದ್ದವು. ಮಾಲು ಸ್ವೀಕರಿಸಿದ್ದಕ್ಕೆ ದಿನಾಂಕ, ಮೊಹರು ಇರುವ ಚಲನ್ ಮಾತ್ರ ಮೂರರಲ್ಲಿ ಒಂದಕ್ಕೂ ಇರಲಿಲ್ಲ. ಉಳಿದವನ್ನು ಲಾರಿ ಚಾಲಕರು ತಂದುಕೊಟ್ಟಿರಲೇ ಇಲ್ಲ, ಯಾರೂ ಕೇಳಿಯೂ ಇರಲಿಲ್ಲ.